ಖಾಲಿಗೂ ಸೊನ್ನೆಗೂ ನಡುವೆ

2021ರ ಮಳೆಗಾಲ. ಎಲ್ಲರೂ ಮನೆಯಿಂದಲೇ ಕೆಲಸ ಮಾಡ್ತಿದ್ದ ದಿನಗಳು. ಒಂದು ಕಾಲೇಜಿನ ಪ್ರವೇಶಾತಿ ವೆಬ್‌ಸೈಟನ್ನು ನಮ್ಮ ಟೀಮ್ ನೋಡಿಕೊಳ್ತಿತ್ತು. ಅದರ ಸರ್ವರನ್ನು ಪಿಎಚ್‌ಪಿ 7.4ರಿಂದ 8.0ಕ್ಕೆ ಏರಿಸೋದು ಆವತ್ತಿನ ರಾತ್ರಿಯ ಕೆಲಸ. ಹನ್ನೊಂದೂವರೆಗೆ ಶುರು ಮಾಡಿ ಹನ್ನೆರಡಕ್ಕೆ ಮಲಗೋಣ ಅಂತ ಲೆಕ್ಕ ಹಾಕಿದ್ವಿ. ಟೆಸ್ಟ್ ಸರ್ವರಿನಲ್ಲಿ ಎಲ್ಲ ಪುಟಗಳೂ ತೆರೆದಿದ್ದವು. ಪ್ರೊಡಕ್ಷನ್‌ಗೆ ಹಾಕಿ ಎರಡು ನಿಮಿಷ ಆಗಿಲ್ಲ, ಅರ್ಜಿದಾರರ ಪಟ್ಟಿಯ ಪುಟ ಪೂರ್ತಿ ಬೆಳ್ಳಗಾಯ್ತು. ಲಾಗ್ ತೆರೆದು ನೋಡಿದ್ರೆ ಟೈಪ್ ಎರರ್. ಅಂಕಿಯನ್ನು ಚೆಂದವಾಗಿ ಜೋಡಿಸಿ ತೋರಿಸುವ ಫಂಕ್ಷನ್ ಒಂದಕ್ಕೆ ಸಂಖ್ಯೆ ಬೇಕಿತ್ತು, ನಾವು ಕೊಟ್ಟಿದ್ದು ಸ್ಟ್ರಿಂಗ್. ಅದೂ ಒಂದಕ್ಷರವೂ ಇಲ್ಲದ ಖಾಲಿ ಸ್ಟ್ರಿಂಗ್.

ಕಾರಣ ಸರಳ. ಕೆಲವು ಅರ್ಜಿದಾರರ ಒಂದು ಪರೀಕ್ಷೆಯ ಅಂಕ ಇನ್ನೂ ಬಂದಿರಲಿಲ್ಲ, ಆ ಜಾಗ ಖಾಲಿ ಇತ್ತು. ನಮ್ಮ ಟೆಸ್ಟ್ ಡೇಟಾದಲ್ಲಿ ಖಾಲಿ ಜಾಗವೇ ಇರಲಿಲ್ಲ, ಯಾಕಂದ್ರೆ ಅದನ್ನ ತುಂಬಿದ್ದು ನಾವೇ. 7.4ರಲ್ಲಿ ಅದೇ ಫಂಕ್ಷನ್ ಲಾಗಿನ ಮೂಲೆಯಲ್ಲಿ ಒಂದು ವಾರ್ನಿಂಗ್ ಗೀಚಿ, ನಲ್ ವಾಪಸ್ ಕೊಟ್ಟು ಸುಮ್ಮನಾಗ್ತಿತ್ತು. ಪುಟದಲ್ಲಿ ಆ ಜಾಗ ಖಾಲಿಯಾಗೇ ಕಾಣ್ತಿತ್ತು. 8.0 ಹಾಗೆ ಬಿಡಲಿಲ್ಲ, ಅಲ್ಲೇ ನಿಂತುಬಿಟ್ಟಿತು.

ನಾನು ಏನು ಮಾಡಿದೆ? ಡೇಟಾಬೇಸಿನಿಂದ ಅಂಕ ಓದುವ ಜಾಗದಲ್ಲಿ ಬ್ರಾಕೆಟ್ ಹಾಕಿ ‘ಫ್ಲೋಟ್’ ಅಂತ ಬರೆದೆ. ಏನೇ ಬಂದರೂ ಅದನ್ನು ಸಂಖ್ಯೆ ಮಾಡು ಅಂತ ಅದರರ್ಥ. ನಾಲ್ಕು ನಿಮಿಷದಲ್ಲಿ ಸೈಟ್ ಮೇಲೆದ್ದಿತು. ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದ್ರು. ಮಲಗಿದೆ.

ಮುಂದೇನಾಯ್ತು ಅನ್ನೋದನ್ನ ಆಮೇಲೆ ಹೇಳ್ತೀನಿ. ಆ ರಾತ್ರಿಯ ನಂತರ ನನ್ನನ್ನು ಕಾಡಿದ ಪ್ರಶ್ನೆಯೇ ಬೇರೆ. ಖಾಲಿ ಸ್ಟ್ರಿಂಗ್ ಸಂಖ್ಯೆಯಲ್ಲ ಅನ್ನೋದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಅದು ಈ ಭಾಷೆಗೆ ಗಟ್ಟಿಯಾಗಿ ಹೇಳಲು 2020ರ ತನಕ ಯಾಕೆ ಬೇಕಾಯ್ತು?

ಉತ್ತರಕ್ಕೆ 1994ಕ್ಕೆ ಹೋಗಬೇಕು. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಓದಿದ ರಾಸ್ಮಸ್ ಲರ್ಡಾರ್ಫ್ ತನ್ನ ರೆಸ್ಯೂಮೆಯನ್ನು ವೆಬ್ಬಿನಲ್ಲಿ ಹಾಕಿಕೊಂಡಿದ್ದ. ಅದನ್ನ ಯಾರ್ಯಾರು ನೋಡ್ತಾರೆ ಅಂತ ಲೆಕ್ಕ ಇಡೋಕೆ ಸಿ ಭಾಷೆಯಲ್ಲಿ ಒಂದಷ್ಟು ಪುಟ್ಟ ಪ್ರೋಗ್ರಾಂ ಬರೆದುಕೊಂಡ. 1995ರ ಜೂನಿನಲ್ಲಿ ಅವನ್ನು ‘ಪರ್ಸನಲ್ ಹೋಮ್ ಪೇಜ್ ಟೂಲ್ಸ್’ ಅಂತ ಹೆಸರಿಟ್ಟು ಎಲ್ಲರಿಗೂ ಕೊಟ್ಟ. ಭಾಷೆ ಕಟ್ಟುವ ಉದ್ದೇಶವೇ ಆತನಿಗೆ ಇರಲಿಲ್ಲ. ಮುಂದಿನ ಆವೃತ್ತಿಯ ಹೆಸರು ಪಿಎಚ್‌ಪಿ-ಎಫ್‌ಐ. ಆ ಎಫ್‌ಐ ಅಂದರೆ ಫಾರ್ಮ್ಸ್ ಇಂಟರ್‌ಪ್ರಿಟರ್. ಇಡೀ ಕಥೆಯ ಬೀಜ ಈ ಫಾರ್ಮ್ ಅನ್ನೋ ಪದದಲ್ಲಿದೆ.

ವೆಬ್ ಫಾರ್ಮಿನಲ್ಲಿ ನೀವು ವಯಸ್ಸು 27 ಅಂತ ತುಂಬಿ ಬಟನ್ ಒತ್ತಿದಾಗ ಸರ್ವರಿಗೆ ಹೋಗುವುದು ಇಪ್ಪತ್ತೇಳು ಎಂಬ ಸಂಖ್ಯೆಯಲ್ಲ. ಎರಡು, ಏಳು ಎಂಬ ಎರಡು ಅಕ್ಷರಗಳು. ಎಚ್‌ಟಿಟಿಪಿಯ ದಾರಿಯಲ್ಲಿ ಹೋಗುವುದೆಲ್ಲ ಪಠ್ಯವೇ. ಸಿ ಭಾಷೆಯಲ್ಲಾದರೆ ಪ್ರತಿ ಸಲ ಆ ಪಠ್ಯವನ್ನು ಸಂಖ್ಯೆಗೆ ಬದಲಿಸುವ ಸಾಲನ್ನು ಕೈಯಾರೆ ಬರೆಯಬೇಕು. ಹೋಮ್ ಪೇಜ್ ಮಾಡಿಕೊಳ್ಳುವವನಿಗೆ ಅಷ್ಟೆಲ್ಲ ಯಾಕೆ? ಕೂಡಿಸುವ ಚಿಹ್ನೆ ಕಂಡರೆ ಎರಡೂ ಕಡೆ ಇರೋದನ್ನ ಸಂಖ್ಯೆ ಅಂದುಕೋ, ಜೋಡಿಸುವ ಚಿಹ್ನೆ ಕಂಡರೆ ಪಠ್ಯ ಅಂದುಕೋ. ಇದು ಆ ಕಾಲಕ್ಕೆ ಉಪಕಾರವೇ. ನೋಟ್‌ಪ್ಯಾಡಿನಲ್ಲಿ ಬರೆದು, ಎಫ್‌ಟಿಪಿಯಲ್ಲಿ ಸರ್ವರಿಗೆ ಎಸೆದು, ಬ್ರೌಸರಿನಲ್ಲಿ ರಿಫ್ರೆಶ್ ಒತ್ತಿದರೆ ಡಿಪ್ಲಾಯ್ ಮುಗೀತು. ಮಧ್ಯೆ ಕಂಪೈಲರ್ ಇಲ್ಲ, ನಿಲ್ಲಿಸಿ ಕೇಳುವವರಿಲ್ಲ. ತಪ್ಪಿದ್ದರೂ ಏನೋ ಒಂದು ಪುಟ ಬರಬೇಕು. ಏನೂ ಬರದೇ ಇರೋದಕ್ಕಿಂತ ಅರೆಬರೆ ಬರೋದು ವಾಸಿ ಅನ್ನೋದು ಆಗಿನ ವೆಬ್ಬಿನ ಧರ್ಮ. ಎಚ್‌ಟಿಎಂಎಲ್ ಕೂಡ ಹಾಗೇ ತಾನೆ, ಟ್ಯಾಗ್ ಮುಚ್ಚದೇ ಬಿಟ್ಟರೂ ಬ್ರೌಸರ್ ಹೇಗೋ ಸುಧಾರಿಸಿಕೊಳ್ತಿತ್ತು.

ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯಲ್ಲಿ ಓದುತ್ತಿದ್ದ ಆಂಡಿ ಗುಟ್‌ಮನ್ಸ್ ಮತ್ತು ಝೀವ್ ಸುರಾಸ್ಕಿ ಇದನ್ನು ಬುಡದಿಂದ ಮತ್ತೆ ಬರೆದರು. 1998ರ ಜೂನಿನಲ್ಲಿ ಪಿಎಚ್‌ಪಿ 3 ಬಂತು. ಝೀವ್ ಮತ್ತು ಆಂಡಿ ಹೆಸರು ಸೇರಿ ‘ಝೆಂಡ್’ ಆಯಿತು, ಆ ಎಂಜಿನ್ ಹೊತ್ತುಕೊಂಡು 2000ದ ಮೇ ತಿಂಗಳಲ್ಲಿ ಪಿಎಚ್‌ಪಿ 4 ಬಂತು. ಈ ಇಬ್ಬರಿಂದ ಒಂದು ತಮಾಷೆಯೂ ಉಳಿಯಿತು. :: ಎಂಬ ಜೋಡಿ ಕೋಲನ್ ತಪ್ಪಾಗಿ ಬಿದ್ದರೆ ‘ಪಾಮಾಯಿಮ್ ನೆಕುದೋತಾಯಿಮ್’ ಅಂತ ಎರರ್ ಬರ್ತಿತ್ತು. ಹೀಬ್ರೂ ಭಾಷೆಯಲ್ಲಿ ಎರಡು ಕೋಲನ್ ಅಂತ ಅರ್ಥ, ಅಷ್ಟೇ. ಜಗತ್ತಿನಾದ್ಯಂತ ಎಷ್ಟು ಜನ ರಾತ್ರಿ ಎರಡು ಗಂಟೆಗೆ ಇದನ್ನ ನೋಡಿ ಸರ್ವರ್ ಹ್ಯಾಕ್ ಆಯ್ತು ಅಂದುಕೊಂಡಿದ್ದಾರೋ! ನಾನಂತೂ ಒಮ್ಮೆ ಅಂದುಕೊಂಡಿದ್ದೆ.

ಸರಿ, ಆ ಉಪಕಾರದ ಬಿಲ್ ಯಾವಾಗ ಬಂತು? ನಿಧಾನವಾಗಿ, ಕಂತುಕಂತಾಗಿ. ಪಿಎಚ್‌ಪಿಯಲ್ಲಿ == ಹಾಕಿ ಸಂಖ್ಯೆಯನ್ನೂ ಪಠ್ಯವನ್ನೂ ಹೋಲಿಸಿದರೆ ಪಠ್ಯವನ್ನು ಮೊದಲು ಸಂಖ್ಯೆ ಮಾಡಿಕೊಳ್ಳುತ್ತಿತ್ತು. ಅಂಕಿ ಇಲ್ಲದ ಪಠ್ಯ ಸೊನ್ನೆಯಾಗುತ್ತಿತ್ತು. ಹಾಗಾಗಿ ಏಳನೇ ಆವೃತ್ತಿಯ ತನಕ ಸೊನ್ನೆ == ‘ಬೆಂಗಳೂರು’ ಅಂತ ಕೇಳಿದರೆ ಹೌದು ಅನ್ನುತ್ತಿತ್ತು. ಸೊನ್ನೆ == ‘ಧಾರವಾಡ’ ಅಂದರೂ ಹೌದು. ಕನ್ನಡದ ಯಾವ ಪದ ಕೊಟ್ಟರೂ ಸೊನ್ನೆಗೆ ಸಮ. ಕನ್ನಡ ಅಂಕಿಗಳಲ್ಲಿ ‘೫೬೦೦೦೪’ ಅಂತ ಬಸವನಗುಡಿಯ ಪಿನ್‌ಕೋಡ್ ಬರೆದು ಸಂಖ್ಯೆ ಮಾಡು ಅಂದರೆ ಪಿಎಚ್‌ಪಿ ಇವತ್ತಿಗೂ ಸೊನ್ನೆಯನ್ನೇ ಕೊಡುತ್ತದೆ. ಜಾವಾಸ್ಕ್ರಿಪ್ಟ್ ‘ಇದು ಸಂಖ್ಯೆಯಲ್ಲ’ ಅನ್ನುತ್ತದೆ. ಪೈಥಾನ್ ಮಾತ್ರ ಮರ್ಯಾದೆಯಾಗಿ 560004 ಅಂತ ಓದುತ್ತದೆ. ಕನ್ನಡ ಕೀಬೋರ್ಡಿನಲ್ಲಿ ಫಾರ್ಮ್ ತುಂಬುವವರ ಡೇಟಾ ಎಲ್ಲಿ ಕಳೆದುಹೋಗುತ್ತದೆ ಅಂತ ಯೋಚಿಸುವವರಿಗೆ ಇಲ್ಲೊಂದು ಸುಳಿವಿದೆ.

ಇದು ಬರೀ ನಗುವ ವಿಷಯವಾಗಿ ಉಳಿಯಲಿಲ್ಲ. ಪಾಸ್‌ವರ್ಡಿನ ಹ್ಯಾಶ್ ಒಂದು ಉದ್ದದ ಪಠ್ಯ. ಅದು ಸೊನ್ನೆಯಿಂದ ಶುರುವಾಗಿ, ಪಕ್ಕದಲ್ಲಿ ಇಂಗ್ಲಿಷಿನ ‘ಇ’ ಅಕ್ಷರ ಬಂದು, ಮುಂದೆಲ್ಲ ಅಂಕಿಗಳೇ ಇದ್ದರೆ ಪಿಎಚ್‌ಪಿ ಅದನ್ನು ‘ಸೊನ್ನೆ ಗುಣಿಸು ಹತ್ತರ ಇಷ್ಟನೇ ಘಾತ’ ಅಂತ ಓದುತ್ತದೆ. ಸೊನ್ನೆಯನ್ನು ಏನರಿಂದ ಗುಣಿಸಿದರೂ ಸೊನ್ನೆ. ಹೀಗೆ ಎರಡು ಬೇರೆ ಬೇರೆ ಹ್ಯಾಶ್‌ಗಳು == ಕಣ್ಣಿಗೆ ಒಂದೇ ಆಗಿಬಿಡುತ್ತವೆ, ಬೇರೆ ಪಾಸ್‌ವರ್ಡ್ ಹಾಕಿದವನೂ ಒಳಗೆ ಬರಬಹುದು. === ಅಂತ ಮೂರು ಗೆರೆ ಹಾಕಿ ಅನ್ನೋ ಉಪದೇಶ ಹುಟ್ಟಿದ್ದು ಇಂಥ ಕಡೆಯೇ.

ಜೊತೆಗೆ @ ಅನ್ನೋ ಚಿಹ್ನೆ ಇತ್ತು, ಈಗಲೂ ಇದೆ. ಯಾವುದೇ ಸಾಲಿನ ಹಿಂದೆ ಅದನ್ನ ಹಾಕಿದರೆ ಆ ಸಾಲಿನ ವಾರ್ನಿಂಗ್ ಬಾಯಿ ಮುಚ್ಚುತ್ತದೆ. ನನ್ನ ಮೊದಲ ಕೆಲಸದಲ್ಲಿ ಕೈಗೆ ಬಂದ ಕೋಡಿನಲ್ಲಿ ಪುಟಕ್ಕೆ ಹತ್ತು @ ಇದ್ದವು. ಗಾಯಕ್ಕೆ ಔಷಧಿ ಹಚ್ಚದೆ ಮೇಲೆ ಉದ್ದ ತೋಳಿನ ಶರ್ಟು ಹಾಕಿದ ಹಾಗೆ.

ಟೈಪ್ ಬರೆದಿಡುವ ಸೌಲಭ್ಯ ಪಿಎಚ್‌ಪಿಗೆ ಬಂದ ಕ್ರಮವೂ ವಿಚಿತ್ರ. 2004ರಲ್ಲಿ 5.0 ಬಂದಾಗ ಫಂಕ್ಷನ್ನಿಗೆ ‘ಇಂಥ ಕ್ಲಾಸಿನ ಆಬ್ಜೆಕ್ಟೇ ಬೇಕು’ ಅಂತ ಹೇಳಬಹುದಾಗಿತ್ತು. ಮರುವರ್ಷ ‘ಪಟ್ಟಿಯೇ ಬೇಕು’ ಅನ್ನೋದೂ ಸೇರಿತು. ಆದರೆ ‘ಸಂಖ್ಯೆಯೇ ಬೇಕು’ ಅನ್ನೋ ತೀರಾ ಸಾಮಾನ್ಯ ಮಾತಿಗೆ ಇನ್ನೂ ಹತ್ತು ವರ್ಷ ಕಾಯಬೇಕಾಯ್ತು. ಮಧ್ಯೆ ಆರನೇ ಆವೃತ್ತಿ ಅಂತ ಒಂದು ಯುನಿಕೋಡ್ ಕನಸು ಕಂಡು ಕೈಬಿಟ್ಟರು, ಹಾಗಾಗಿ ಐದರಿಂದ ನೇರ ಏಳಕ್ಕೆ ಜಿಗಿತ.

ಆ ಹತ್ತು ವರ್ಷ ಕಾಯಲು ಆಗದವರು ತಾವೇ ದಾರಿ ಮಾಡಿಕೊಂಡರು. ಫೇಸ್‌ಬುಕ್ 2004ರಲ್ಲಿ ಪಿಎಚ್‌ಪಿಯಲ್ಲೇ ಹುಟ್ಟಿದ್ದು. ಅಷ್ಟು ದೊಡ್ಡ ಕೋಡಿನಲ್ಲಿ ಒಂದು ಫಂಕ್ಷನ್ ಬದಲಿಸಿದರೆ ಎಲ್ಲೆಲ್ಲಿ ಏನೇನು ಮುರಿಯುತ್ತದೆ ಅಂತ ತಿಳಿಯುವ ಉಪಾಯ ಇರಲಿಲ್ಲ. 2010ರಲ್ಲಿ ಪಿಎಚ್‌ಪಿಯನ್ನು ಸಿ++ಗೆ ತಿರುಗಿಸುವ ‘ಹಿಪ್‌ಹಾಪ್’ ತಂದರು, ಅದು ವೇಗಕ್ಕೆ. 2014ರ ಮಾರ್ಚಿನಲ್ಲಿ ತಂದ ‘ಹ್ಯಾಕ್’ ಭಾಷೆ ಟೈಪುಗಳಿಗೆ. ಒಂದು ಫೈಲಿನಲ್ಲಿ ಟೈಪ್ ಬರೆಯಿರಿ, ಇನ್ನೊಂದರಲ್ಲಿ ಬಿಡಿ, ನಿಧಾನವಾಗಿ ಎಲ್ಲ ಕಡೆ ಹಬ್ಬಿಸಿ ಅನ್ನೋ ರೀತಿ. ಇದಕ್ಕೆ ಗ್ರ್ಯಾಜುಯಲ್ ಟೈಪಿಂಗ್ ಅಂತ ಹೆಸರಿಟ್ಟು 2006ರಲ್ಲಿ ಪ್ರಬಂಧ ಬರೆದವರು ಜೆರೆಮಿ ಸೀಕ್ ಮತ್ತು ವಲೀದ್ ತಾಹಾ. ಫೇಸ್‌ಬುಕ್ ತನ್ನ ಹೆಚ್ಚುಕಡಿಮೆ ಎಲ್ಲ ಪಿಎಚ್‌ಪಿಯನ್ನೂ ಹ್ಯಾಕ್‌ಗೆ ತಿರುಗಿಸಿಕೊಂಡಿತು. ಆ ಹಿಪ್‌ಹಾಪ್‌ನ ಮುಂದಿನ ರೂಪದ ಮೇಲೆ ವಿಕಿಪೀಡಿಯವೂ ಸ್ವಲ್ಪ ವರ್ಷ ಓಡಿ, 2019ರಲ್ಲಿ ಪಿಎಚ್‌ಪಿ 7ಕ್ಕೆ ಮರಳಿತು. ನೀವು ಓದುವ ಕನ್ನಡ ವಿಕಿಪೀಡಿಯದ ಪುಟವೂ ಪಿಎಚ್‌ಪಿಯಿಂದಲೇ ಬರೋದು, ಗೊತ್ತಿರಲಿ.

ಪಿಎಚ್‌ಪಿಯ ಮನೆಯೊಳಗೆ ಮಾತ್ರ ದೊಡ್ಡ ಜಗಳವೇ ಆಯ್ತು. ಫಂಕ್ಷನ್ ಸಂಖ್ಯೆ ಕೇಳಿದಾಗ ‘27’ ಅನ್ನೋ ಪಠ್ಯ ಬಂದರೆ ಏನು ಮಾಡಬೇಕು? ಬದಲಿಸಿಕೊಂಡು ಒಳಗೆ ಬಿಡಬೇಕು, ಅದೇ ನಮ್ಮ ಭಾಷೆಯ ಸ್ವಭಾವ ಅಂತ ಒಂದು ಗುಂಪು. ಝೀವ್ ಸುರಾಸ್ಕಿ ಈ ಕಡೆ. ಬಾಗಿಲಲ್ಲೇ ನಿಲ್ಲಿಸಬೇಕು ಅಂತ ಇನ್ನೊಂದು ಗುಂಪು. ಆಂಡ್ರಿಯಾ ಫಾಲ್ಡ್ಸ್ ಎರಡನ್ನೂ ಹೊಂದಿಸುವ ಪ್ರಸ್ತಾವ ಬರೆದು, ವಾದವಿವಾದದ ಮಧ್ಯೆ ಹಿಂತೆಗೆದುಕೊಂಡರು. ಆಂಥನಿ ಫೆರಾರಾ ಅದನ್ನು ಮತ್ತೆ ಕೈಗೆತ್ತಿಕೊಂಡರು. 2015ರ ಮಾರ್ಚಿನ ಮತದಾನದಲ್ಲಿ 108 ಪರ, 48 ವಿರುದ್ಧ. ಮೂರನೇ ಎರಡರಷ್ಟು ಬೇಕಿತ್ತು, ಸ್ವಲ್ಪದರಲ್ಲಿ ದಾಟಿತು. ಅದರ ರಾಜಿಸೂತ್ರ ಸೊಗಸಾಗಿದೆ: ಫೈಲಿನ ಮೊದಲ ಸಾಲಿನಲ್ಲಿ ‘ಸ್ಟ್ರಿಕ್ಟ್ ಟೈಪ್ಸ್’ ಅಂತ ಘೋಷಿಸಿದರೆ ಆ ಫೈಲಿನಿಂದ ಹೊರಡುವ ಕರೆಗಳಿಗಷ್ಟೇ ಕಟ್ಟುನಿಟ್ಟು. ಕೊಡುವವನು ಆರಿಸಿಕೊಳ್ಳುತ್ತಾನೆ, ತೆಗೆದುಕೊಳ್ಳುವವನಲ್ಲ. ಅದೇ ಡಿಸೆಂಬರಿನಲ್ಲಿ ಪಿಎಚ್‌ಪಿ 7 ಹೊರಬಂತು.

ಡಿಪ್ಲಾಯ್ ಮಾಡುವವರ ನಿದ್ದೆಗೆಡಿಸಿದ ಇನ್ನೊಂದು ಬದಲಾವಣೆಯೂ ಅದರಲ್ಲೇ ಇತ್ತು. ಹೊಸದಾಗಿ ಬಂದ ಟೈಪ್ ಎರರ್, ಹಳೇ ‘ಎಕ್ಸೆಪ್ಷನ್’ ಕುಟುಂಬಕ್ಕೆ ಸೇರಿದ್ದಲ್ಲ. ‘ಎರರ್’ ಅನ್ನೋ ಬೇರೆ ಕುಟುಂಬ. ಎರಡಕ್ಕೂ ಮೇಲೆ ‘ಥ್ರೋಯಬಲ್’ ಅಂತ ಒಬ್ಬ ಅಜ್ಜ. ಹಾಗಾಗಿ ಎಕ್ಸೆಪ್ಷನ್ ಹಿಡಿಯಲು ಜನ ವರ್ಷಗಳಿಂದ ಹಾಕಿಟ್ಟಿದ್ದ ಬಲೆಗಳನ್ನೆಲ್ಲ ದಾಟಿ ಟೈಪ್ ಎರರ್ ಸೀದಾ ಹೊರಗೆ ಬಂದು ಪುಟವನ್ನೇ ಬೀಳಿಸುತ್ತಿತ್ತು. ಬಲೆ ಇದೆಯಲ್ಲ, ಆದರೂ ಯಾಕೆ ಬಿತ್ತು ಅಂತ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ.

2016ರಲ್ಲಿ ಬಂದ 7.1ರಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಸೇರಿತು. ಟೈಪಿನ ಹಿಂದೆ ‘?’ ಹಾಕಿದರೆ ‘ಸಂಖ್ಯೆ ಇರಬಹುದು, ಇಲ್ಲದೆಯೂ ಇರಬಹುದು’ ಅಂತ ಅರ್ಥ. ನನಗೆ ಕೇಳಿದರೆ ಇಡೀ ಇತಿಹಾಸದಲ್ಲಿ ಅತಿ ಮುಖ್ಯವಾದದ್ದು ಈ ಚಿಹ್ನೆಯೇ. ‘ಏನೂ ಇಲ್ಲ’ ಅನ್ನೋದನ್ನು ಪ್ರೋಗ್ರಾಂ ಭಾಷೆಗೆ ನಲ್ ರೆಫರೆನ್ಸ್ ಆಗಿ ತಂದ ಟೋನಿ ಹೋರ್, 1965ರಲ್ಲಿ ಆಲ್ಗಾಲ್ ಡಬ್ಲ್ಯೂಗಾಗಿ ತಾನು ಮಾಡಿದ ಆ ಕೆಲಸವನ್ನ 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ತನ್ನ ‘ಶತಕೋಟಿ ಡಾಲರಿನ ತಪ್ಪು’ ಎಂದು ಕರೆದ. ತಪ್ಪು ನಲ್ ಇರೋದರಲ್ಲಿ ಅಲ್ಲ, ಅದು ಎಲ್ಲಿ ಬರಬಹುದು ಅಂತ ಬರೆದಿಡದೇ ಇದ್ದದ್ದರಲ್ಲಿ. ಟೈಪ್‌ಸ್ಕ್ರಿಪ್ಟ್ 2012ರಲ್ಲಿ ಹುಟ್ಟಿದರೂ ನಲ್ ವಿಷಯದಲ್ಲಿ ಕಟ್ಟುನಿಟ್ಟಾಗುವ ಆಯ್ಕೆ ಕೊಟ್ಟದ್ದು 2016ರಲ್ಲೇ. ಪೈಥಾನ್ 2015ರಲ್ಲಿ ಟೈಪ್ ಬರೆಯುವ ರೀತಿಯೊಂದನ್ನು ಒಪ್ಪಿಕೊಂಡಿತು, ಡ್ರಾಪ್‌ಬಾಕ್ಸ್ 2019ರ ಹೊತ್ತಿಗೆ 40 ಲಕ್ಷ ಸಾಲು ಪೈಥಾನ್ ಕೋಡಿಗೆ ಟೈಪ್ ತಪಾಸಣೆ ಮಾಡಿಸಿತ್ತು. ಬೇರೆ ಬೇರೆ ಮನೆ, ಒಂದೇ ದಶಕ, ಒಂದೇ ಪಶ್ಚಾತ್ತಾಪ.

ಇಷ್ಟೆಲ್ಲ ಆದಮೇಲೂ ಡಿಪ್ಲಾಯ್ ದಿನ ಟೈಪ್ ಎರರ್ ಯಾಕೆ ಬರುತ್ತೆ? ತಪಾಸಣೆ ಮಾಡುವ ಟೂಲ್ ನೋಡೋದು ನಿಮ್ಮ ಕೋಡನ್ನ. ಹೊರಗಿಂದ ಬರುವ ಡೇಟಾವನ್ನಲ್ಲ. ಟೈಪ್‌ಸ್ಕ್ರಿಪ್ಟಿನ ಟೈಪುಗಳಂತೂ ಜಾವಾಸ್ಕ್ರಿಪ್ಟ್ ಆಗುವಾಗಲೇ ಅಳಿಸಿಹೋಗುತ್ತವೆ, ಓಡುವ ಸರ್ವರಿನಲ್ಲಿ ಅವು ಇರುವುದೇ ಇಲ್ಲ. ಇನ್ನೊಂದು ಸೂಕ್ಷ್ಮ ಇದೆ. ಡಿಪ್ಲಾಯ್ ಅನ್ನೋದು ಒಂದು ಕ್ಷಣ ಅಲ್ಲ, ಒಂದು ಅವಧಿ. ಆರು ಸರ್ವರ್ ಇದ್ದರೆ ಮೂರರಲ್ಲಿ ಹೊಸ ಕೋಡು, ಮೂರರಲ್ಲಿ ಹಳೇದು ಇರುವ ಕೆಲವು ನಿಮಿಷ ಇದ್ದೇ ಇರುತ್ತವೆ. ಹಳೇ ಕೋಡು ಕ್ಯಾಶೆಯಲ್ಲಿ ಪಠ್ಯ ಇಟ್ಟು ಹೋಗಿದೆ, ಹೊಸ ಕೋಡು ಬಂದು ಅಲ್ಲಿ ಪಟ್ಟಿ ಹುಡುಕುತ್ತದೆ. ಎರಡೂ ಕೋಡು ಬಿಡಿಬಿಡಿಯಾಗಿ ಸರಿ, ಯಾವ ಟೂಲಿಗೆ ತೋರಿಸಿದರೂ ಪಾಸು. ತಪ್ಪಿರೋದು ಎರಡರ ನಡುವೆ. ಅನುಭವಸ್ಥರು ಅದಕ್ಕೇ ಇದನ್ನ ಎರಡು ಮೂರು ಸಲಕ್ಕೆ ಹಂಚುತ್ತಾರೆ. ಮೊದಲ ಸಲ ಎರಡೂ ರೂಪ ಓದಬಲ್ಲ ಕೋಡು, ಮುಂದಿನ ಸಲ ಹೊಸ ರೂಪದಲ್ಲಿ ಬರೆಯುವ ಕೋಡು, ಎಲ್ಲ ತಣ್ಣಗಾದ ಮೇಲೆ ಹಳೇದನ್ನು ತೆಗೆಯೋದು.

ವೆಬ್ಬಿನ ಆಚೆಯ ಒಂದು ಉದಾಹರಣೆ ಇಲ್ಲಿ ಬೇಕೇ ಬೇಕು. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್‌ನ ಹೊಸ ಕೋಡು ಬಳಕೆಗೆ ಬಂತು. ಎಂಟು ಸರ್ವರುಗಳಲ್ಲಿ ಒಂದಕ್ಕೆ ಹಾಕೋದು ಬಿಟ್ಟುಹೋಯ್ತು. ಹಳೇ ಕೋಡಿನಲ್ಲಿ ಬೇರೆ ಅರ್ಥವಿದ್ದ ಒಂದು ಫ್ಲಾಗನ್ನು ಹೊಸದರಲ್ಲಿ ಬೇರೆ ಕೆಲಸಕ್ಕೆ ಬಳಸಿದ್ದರು. ಆ ಒಂದು ಸರ್ವರ್ ಅದನ್ನು ಹಳೇ ಅರ್ಥದಲ್ಲೇ ಓದಿ ಆರ್ಡರ್ ಮೇಲೆ ಆರ್ಡರ್ ಕಳಿಸಿತು. ಮುಕ್ಕಾಲು ಗಂಟೆಯಲ್ಲಿ 40 ಕೋಟಿ ಡಾಲರಿಗೂ ಮೀರಿದ ನಷ್ಟ. ಯಾವ ಕಂಪೈಲರಿನ ದೃಷ್ಟಿಯಲ್ಲೂ ಅದು ಟೈಪ್ ಎರರ್ ಅಲ್ಲ. ಆದರೆ ಒಂದೇ ಮೌಲ್ಯಕ್ಕೆ ಎರಡು ಅರ್ಥ ಇದ್ದರೆ ಅದನ್ನ ಬೇರೆ ಏನಂತ ಕರೀತೀರಿ?

ಇನ್ನೊಂದು ಪಂಥವೂ ಇತ್ತು. ಎರರ್ ಬರಲಿ, ಬೇಗ ಸರಿಮಾಡೋಣ ಅನ್ನುವ ಪಂಥ. 2009ರಲ್ಲಿ ಫ್ಲಿಕರ್‌ನ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ತಾವು ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಡಿಪ್ಲಾಯ್ ಮಾಡುತ್ತೇವೆ ಅಂತ ಸಮ್ಮೇಳನವೊಂದರಲ್ಲಿ ಹೇಳಿದಾಗ ತಿಂಗಳಿಗೊಮ್ಮೆ ಮಾಡುತ್ತಿದ್ದವರು ಬಾಯಿ ಬಿಟ್ಟರು. ಫ್ಲಿಕರ್ ಕೂಡ ಪಿಎಚ್‌ಪಿಯೇ. ಹತ್ತು ಸಾಲಿನ ಬದಲಾವಣೆ ಹಾಕಿದರೆ ತಪ್ಪಿರೋದು ಆ ಹತ್ತು ಸಾಲಿನಲ್ಲೇ ಅನ್ನೋದು ಅವರ ವಾದದ ಸಾರ. ಒಳ್ಳೇ ವಾದವೇ, ಇವತ್ತು ನಾವೆಲ್ಲ ನಡೆಸ್ತಿರೋದೂ ಹಾಗೇ. ಆದರೆ ಅದಕ್ಕೆ ಒಂದು ಷರತ್ತಿದೆ. ತಪ್ಪು ಕೂಗಬೇಕು. ಗ್ರಾಫ್ ಕೆಳಗಿಳಿಯಬೇಕು, ಪುಟ ಬೆಳ್ಳಗಾಗಬೇಕು, ಫೋನ್ ಬಡ್ಕೋಬೇಕು. ಸದ್ದಿಲ್ಲದ ತಪ್ಪನ್ನು ದಿನಕ್ಕೆ ನೂರು ಸಲ ಡಿಪ್ಲಾಯ್ ಮಾಡಿದರೂ ಯಾರೂ ಹಿಡಿಯಲ್ಲ.

2020ರ ನವೆಂಬರ್ 26ರಂದು ಬಂದ ಪಿಎಚ್‌ಪಿ 8 ಮಾಡಿದ್ದು ಇಷ್ಟೇ: ಕೂಗಲು ಶುರುಮಾಡಿತು. ಸೊನ್ನೆ == ‘ಬೆಂಗಳೂರು’ ಈಗ ಸುಳ್ಳು. ನಲ್ ಕೊಟ್ಟು ಇದರಲ್ಲಿ ಎಷ್ಟಿವೆ ಎಣಿಸು ಅಂದರೆ ಟೈಪ್ ಎರರ್. ಒಳಗಿನ ಫಂಕ್ಷನ್ನುಗಳಿಗೆ ತಪ್ಪು ಟೈಪ್ ಕೊಟ್ಟರೆ ಮೊದಲಿನ ಹಾಗೆ ವಾರ್ನಿಂಗ್ ಕೊಟ್ಟು ನಲ್ ಹಿಂತಿರುಗಿಸೋದಿಲ್ಲ, ನಿಂತುಬಿಡುತ್ತದೆ. ಆ ರಾತ್ರಿ ನನ್ನೆದುರು ನಿಂತದ್ದು ಇದೇ.

ಈಗ ಆ ನಾಲ್ಕು ನಿಮಿಷದ ವಿಷಯ. ಖಾಲಿ ಸ್ಟ್ರಿಂಗನ್ನು ಫ್ಲೋಟ್ ಮಾಡು ಅಂದರೆ ಪಿಎಚ್‌ಪಿ ಏನು ಕೊಡುತ್ತದೆ ಅಂತ ನಿಮಗೆ ಈಗಾಗಲೇ ಗೊತ್ತು. ಸೊನ್ನೆ. ಪಟ್ಟಿಯಲ್ಲಿ ಖಾಲಿ ಇದ್ದ ಜಾಗದಲ್ಲೆಲ್ಲ 0.00 ಬಂತು. ಪುಟ ತೆರೆದಿತ್ತು, ಲಾಗ್ ಶುಭ್ರವಾಗಿತ್ತು, ಗ್ರಾಫ್ ನೆಟ್ಟಗಿತ್ತು. ಮೆರಿಟ್ ಪಟ್ಟಿ ಲೆಕ್ಕ ಹಾಕುವ ಕೋಡು ಅದೇ ಅಂಕವನ್ನು ಓದುತ್ತಿತ್ತು. ಮೂರು ದಿನ ಆದಮೇಲೆ ಒಬ್ಬ ತಂದೆ ಕಾಲೇಜಿಗೆ ಬಂದು, ನನ್ನ ಮಗಳಿಗೆ ಸೊನ್ನೆ ಹೇಗೆ ಬರುತ್ತೆ ಸ್ವಾಮೀ, ಆ ಪರೀಕ್ಷೆಯ ಫಲಿತಾಂಶವೇ ಇನ್ನೂ ಬಂದಿಲ್ಲವಲ್ಲ ಅಂತ ಕೇಳಿದರಂತೆ. ಅಷ್ಟರಲ್ಲಿ ಮೊದಲ ಪಟ್ಟಿ ಪ್ರಕಟವಾಗಿತ್ತು.

ಕಾಲೇಜಿನ ಆಫೀಸಿನಲ್ಲಿ ಆ ಪಟ್ಟಿ ನೋಡಿಕೊಳ್ಳುವ ಗುಮಾಸ್ತರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. “ಖಾಲಿ ಇದ್ರೆ ನಾನು ಹುಡುಗ್ರಿಗೆ ಫೋನ್ ಮಾಡಿ ಅಂಕ ತರಿಸ್ಕೋತೀನಿ ಸಾರ್. ಪ್ರತಿ ವರ್ಷ ಹಂಗೇ ಮಾಡೋದು. ಸೊನ್ನೆ ಅಂತ ಇದ್ರೆ ಯಾಕೆ ಮಾಡ್ಲಿ?” ಅಂದ್ರು. ನಾವು ಯಾವ ಡಾಕ್ಯುಮೆಂಟಿನಲ್ಲೂ ಬರೆದಿಟ್ಟಿರದ ಒಂದು ನಿಯಮ ಅವರ ತಲೆಯಲ್ಲಿತ್ತು. ಪಿಎಚ್‌ಪಿ 7 ಅದನ್ನು ಗೊತ್ತಿಲ್ಲದೆಯೇ ಪಾಲಿಸುತ್ತಿತ್ತು. 8 ಅದು ಮುರಿಯುವ ಮುಂಚೆ ನನ್ನನ್ನ ಎಬ್ಬಿಸಿ ಕೇಳಿತ್ತು. ನಾನು ಅದರ ಬಾಯಿ ಮುಚ್ಚಿಸಿ ಮಲಗಿದ್ದೆ.

ಸರಿಯಾದ ಫಿಕ್ಸಿಗೆ ಅರ್ಧ ದಿನ ಹಿಡಿಯಿತು. ಫ್ಲೋಟ್ ಹಿಂದೆ ಆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದು ಹೋಗುವ ದಾರಿಯ ಪ್ರತಿ ಫಂಕ್ಷನ್ನಿನಲ್ಲೂ ‘ಇಲ್ಲದಿದ್ದರೆ ಏನು’ ಅಂತ ಕೂತು ಬರೆಯಬೇಕಾಯ್ತು. ಒಟ್ಟು 17 ಅರ್ಜಿಗಳು ಸೊನ್ನೆಯಾಗಿದ್ದವು. ಗುಮಾಸ್ತರು ಎಲ್ಲರಿಗೂ ಫೋನ್ ಮಾಡಿದ್ರು. ಎರಡನೇ ಪಟ್ಟಿಯಲ್ಲಿ 14 ಹೆಸರು ಸೇರಿದವು. ಉಳಿದ ಮೂವರು ಅಷ್ಟರಲ್ಲಿ ಬೇರೆ ಕಡೆ ಫೀಸು ಕಟ್ಟಿಬಿಟ್ಟಿದ್ರು.

ಅಂಕ ಓದುವ ಆ ಸಾಲಿನ ಮೇಲೆ ಒಂದು ಕಾಮೆಂಟ್ ಬರೆದಿಟ್ಟೆ: “ಇಲ್ಲಿ ಸೊನ್ನೆ ಮಾಡಬೇಡಿ. ಖಾಲಿ ಇದ್ದರೇನೇ ಆಫೀಸಿನವರು ಫೋನ್ ಮಾಡೋದು.” ಕೋಡ್ ರಿವ್ಯೂ ಮಾಡಿದ ಹುಡುಗ ಇದೇನ್ ಸಾರ್ ಅಂತ ಕೇಳಿದ. ಹೇಳಿದೆ.